ಅಳಿಸಿದ ಸುದ್ದಿ, ಉಳಿದ ತಲೆಬರಹ

ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಒಂದು ಮಾಳಿಗೆಯ ಕೋಣೆ ಹಿಡಿದು ನಾನು ಸುದ್ದಿಯ ವೆಬ್‌ಸೈಟ್ ನಡೆಸುತ್ತಿದ್ದೆ. ವರದಿಗಾರ, ಸಂಪಾದಕ, ಕಸ ಗುಡಿಸುವವ ಎಲ್ಲ ನಾನೇ. ಅಹಂಕಾರ ಮಾತ್ರ ದೊಡ್ಡ ಪತ್ರಿಕೆಯದ್ದು.

ಒಂದು ಮಧ್ಯಾಹ್ನ ವಿಟ್ಲ ಕಡೆಯ ಯುವತಿಯೊಬ್ಬಳು ಬಂದಳು. ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಅವಳು ಮನೆಯಲ್ಲಿ ಜಗಳವಾಡಿ ಹೇಳದೆ ಕೇಳದೆ ಗೆಳತಿಯ ಮನೆಗೆ ಹೋಗಿದ್ದಳು. ಮನೆಯವರು ಹೆದರಿ ಠಾಣೆಗೆ ದೂರು ಕೊಟ್ಟರು, ನಾನು ‘ಯುವತಿ ನಾಪತ್ತೆ’ ಎಂದು ಹಾಕಿದೆ. ನಮ್ಮ ಕಡೆಯ ರೂಢಿಯಂತೆ ತಲೆಬರಹದಲ್ಲೇ ಅವಳ ಹೆಸರು, ಮನೆಯ ಹೆಸರು, ಗ್ರಾಮ ಎಲ್ಲ ಇತ್ತು. ಎರಡು ದಿನದಲ್ಲಿ ಅವಳು ಬಂದಾಗ ಅದೇ ಸುದ್ದಿಯ ಕೊನೆಗೆ ‘ಯುವತಿ ಸುರಕ್ಷಿತವಾಗಿ ಮನೆಗೆ ಮರಳಿದ್ದಾರೆ’ ಎಂದು ಒಂದು ಸಾಲು ಸೇರಿಸಿ ಕೈತೊಳೆದುಕೊಂಡಿದ್ದೆ.

“ಸರ್, ಮೂಡುಬಿದಿರೆಯಲ್ಲಿ ಒಂದು ಶಾಲೆಗೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಮುಂದಿನ ತಿಂಗಳು ಇಂಟರ್‌ವ್ಯೂ ಉಂಟು. ನನ್ನ ಹೆಸರು ಹುಡುಕಿದ್ರೆ ಮೊದಲು ಇದೇ ಬರ್ತದೆ. ತೆಗೀಲಿಕ್ಕೆ ಆಗ್ತದಾ?”

“ಮನೆಗೆ ಬಂದದ್ದನ್ನೂ ಬರೆದಿದ್ದೇನಲ್ಲ?”

“ಒಳಗೆ ಹೋಗಿ ಯಾರು ಓದ್ತಾರೆ ಸರ್? ಹೆಡ್ಡಿಂಗ್ ನೋಡಿ ಮುಗಿಸ್ತಾರೆ.”

“ಹಾಗಾದ್ರೆ ಒಂದು ಸ್ಪಷ್ಟನೆ ಹಾಕುವ” ಎಂದೆ. ಅವಳು ಕೈಮುಗಿದಳು. “ಬೇಡ ಸರ್, ಇನ್ನೇನೂ ಬರೀಬೇಡಿ.”

ಅವಳೆದುರೇ ಪುಟ ಅಳಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು. ಅರ್ಧಂಬರ್ಧ ತಿಳಿದವನ ಜಂಬ ಸುಮ್ಮನಿರಲು ಬಿಡಬೇಕಲ್ಲ! ಸರ್ಚ್ ಎಂಜಿನ್ ಇನ್ನು ಆ ಪುಟದ ವಿಳಾಸದ ಕಡೆ ತಲೆಯೇ ಹಾಕಬಾರದೆಂದು ಸೈಟಿನಲ್ಲಿ ಅದಕ್ಕೊಂದು ತಡೆಯನ್ನೂ ಹಾಕಿದೆ. “ಆಯ್ತು, ಹೆದರ್ಬೇಡಿ” ಎಂದೆ. ಅವಳು ನಂಬಿದಳು. ಮತ್ತೆ ಹುಡುಕಿ ನೋಡುವ ಗೋಜಿಗೂ ನಾನು ಹೋಗಲಿಲ್ಲ.

ಇಂಟರ್‌ವ್ಯೂ ಮುಗಿದ ಮೇಲೆ ಅವಳ ಫೋನ್ ಬಂತು. ಹೆಸರು ಹುಡುಕಿದರೆ ತಲೆಬರಹ ಇನ್ನೂ ಹಾಗೇ ಬರುತ್ತಿತ್ತಂತೆ, ಒತ್ತಿದರೆ ಒಳಗೆ ಏನೂ ಇಲ್ಲ. “ಅಳಿಸುವಂಥದ್ದು ಏನಿತ್ತು ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರು ಸರ್. ಮೊದಲಾಗಿದ್ರೆ ಮನೆಗೆ ಬಂದದ್ದನ್ನಾದ್ರೂ ತೋರಿಸ್ಬಹುದಿತ್ತು.” ಕೆಲಸ ಬೇರೆಯವರಿಗೆ ಹೋಗಿತ್ತು.

ಸೈಟ್ ಮಾಡಿಕೊಟ್ಟ ಬೆಳ್ತಂಗಡಿಯ ಗೆಳೆಯನನ್ನು ಕೇಳಿದೆ. “ಎಂಥದು ಮಾರಾಯ, ಸರ್ಚ್ ಎಂಜಿನ್ ಬಂದು ನೋಡಿದ್ರೆ ಅಲ್ವಾ ಪುಟ ಇಲ್ಲ ಅಂತ ಗೊತ್ತಾಗುದು? ನೀನು ಬರ್ಲಿಕ್ಕೇ ಬಿಡ್ಲಿಲ್ಲ” ಎಂದು ಬೈದ. ತಡೆ ತೆಗೆಸಿ, ಹುಡುಕಾಟದಲ್ಲಿ ಬರುವ ಆ ಫಲಿತಾಂಶ ತೆಗೆದುಹಾಕಲು ಸರ್ಚ್ ಎಂಜಿನ್‌ನವರಿಗೆ ಕೋರಿಕೆ ಕಳಿಸುವುದನ್ನು ಹೇಳಿಕೊಟ್ಟ. ಕೆಲವೇ ದಿನಗಳಲ್ಲಿ ತಲೆಬರಹ ಹೋಯಿತು. ಇಷ್ಟು ಸುಲಭದ್ದನ್ನು ಮೊದಲೇ ಕೇಳದ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವಳು ಮರಳಿದ ಸಾಲನ್ನು ಅಳಿಸಿ, ಕಾಣೆಯಾದದ್ದನ್ನು ಮಾತ್ರ ಲೋಕಕ್ಕೆ ಉಳಿಸಿದವನು ನಾನು.

ಹೋಯಿತೆಂದು ತಿಳಿಸಲು ಫೋನ್ ಮಾಡಿದೆ. “ಒಳ್ಳೇದಾಯ್ತು ಸರ್” ಎಂದಳು. ಫೋನ್ ಇಡುವ ಮೊದಲು, “ನನ್ನ ನಂಬರನ್ನೂ ಅಳಿಸ್ತೀರಾ?” ಎಂದಳು.

“ಆಯ್ತು” ಎಂದೆ. ಕ್ಷಮಿಸಿ ಎನ್ನಬೇಕಾದ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಅದೊಂದೇ ಮಾತು.