ತಮ್ಮನ ಬಿಯರಿನಲ್ಲಿ ಬೆಣ್ಣೆ

"ರೀ, ಅದರಲ್ಲಿ ಬೆಣ್ಣೆ ಇದೆ" ಅಂದಳು ನನ್ನ ಹೆಂಡತಿ.

ನಾನು ಬಾರಿನ ಕೋಲ್ಡ್ ರೂಮಿನಲ್ಲಿ ಏಣಿ ಹತ್ತಿ ಫ್ಯಾನಿನ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಕೆಳಗೆ ನೋಡಿದರೆ ಅವಳು ಸಣ್ಣ ಗ್ಲಾಸು ಹಿಡಿದು ತನ್ನ ತಮ್ಮನ ಪೀಪಾಯಿಗಳ ಪಕ್ಕ ನಿಂತಿದ್ದಳು. ಬೆಳಿಗ್ಗೆ ತಾನೇ ನಾನೂ ಅವನೂ ಸೊಂಟ ಮುರಿದುಕೊಂಡು ವ್ಯಾನಿನಿಂದ ಇಳಿಸಿದ ಪೀಪಾಯಿಗಳು. ಅವನು ತನ್ನ ಕೈಯಿಂದ ಮಾಡಿದ ಬಿಯರ್ ಅವತ್ತು ಸಂಜೆ ಮೊದಲ ಸಲ ಜನರ ಮುಂದೆ ಬರುವುದಿತ್ತು.

"ಬೆಣ್ಣೆ ಅಂದ್ರೆ?"

"ಹಳೇ ಬೆಣ್ಣೆ ವಾಸನೆ. ನಾಲಿಗೆ ಮೇಲೆ ಜಿಡ್ಡು. ಯೀಸ್ಟ್ ಕೆಲಸ ಮುಗಿಸೋಕೆ ಮುಂಚೆ ಪಾತ್ರೆಯಿಂದ ಇಳಿಸಿಬಿಟ್ಟಿದಾನೆ. ಅವತ್ತು ಮನೆಗೆ ತಂದ ಬಾಟಲಿಯಲ್ಲೂ ಇತ್ತು, ಸ್ವಲ್ಪ. ಈಗ ಜಾಸ್ತಿಯಾಗಿದೆ."

"ಅವತ್ತು ಚೆನ್ನಾಗಿದೆ ಅಂದೆಯಲ್ಲೇ ನೀನು?"

ಅವಳು ಗ್ಲಾಸು ತೊಳೆಯಲು ಹೋದಳು. ಆ ಚಳಿಯಲ್ಲೂ ನನ್ನ ಬೆನ್ನಲ್ಲಿ ಬೆವರಿಳಿಯಿತು.

ಇವಳು ಯಾರು, ಇವಳ ಮಾತಿಗೆ ನಾನು ಯಾಕೆ ಅಷ್ಟು ಹೆದರಿದೆ ಅನ್ನುವುದನ್ನು ಹೇಳಬೇಕು. ನಾವಿಬ್ಬರೂ ಕೆಲಸ ಮಾಡುವುದು ಬೀದಿ ಮೂಲೆಯ ಸಣ್ಣ ಬಾರಿನಲ್ಲಿ, ಹಿಂದೆ ಅದು ಸೈಕಲ್ ಗೋದಾಮಾಗಿತ್ತು. ಗೋಡೆಗೆ ಸಾಲಾಗಿ ನಲ್ಲಿಗಳು. ಪ್ರತಿ ನಲ್ಲಿಯ ಹಿಂದೆ ಒಬ್ಬೊಬ್ಬ ಸಣ್ಣ ತಯಾರಕ, ಶೆಡ್ಡಿನಲ್ಲೋ ಗ್ಯಾರೇಜಿನಲ್ಲೋ ಪಾತ್ರೆ ಇಟ್ಟುಕೊಂಡು ಬಿಯರ್ ಮಾಡುವವನು. ದೊಡ್ಡ ಕಾರ್ಖಾನೆಯ ಮಾಲು ನಮ್ಮಲ್ಲಿಲ್ಲ. ಯಂತ್ರಗಳ ರಿಪೇರಿ ನನ್ನ ಕೆಲಸ. ಜನರಿಗೆ ಬಿಯರ್ ಆರಿಸಿಕೊಡುವುದು ಅವಳ ಕೆಲಸ.

ಬಿಯರಿನ ಬಗ್ಗೆ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗ್ಲಾಸನ್ನು ದೀಪಕ್ಕೆ ಹಿಡಿಯುವುದೇನು, ಕಣ್ಣು ಅರ್ಧ ಮುಚ್ಚುವುದೇನು, ಕಿತ್ತಳೆ ಸಿಪ್ಪೆ, ಒಣಹುಲ್ಲು, ಸುಟ್ಟ ಸಕ್ಕರೆ ಅಂತ ಪಾಠ ಒಪ್ಪಿಸುವುದೇನು! ಅಷ್ಟು ಹೊತ್ತಿಗೆ ನೊರೆ ಇಳಿದು ಬಿಯರ್ ಸಪ್ಪಗಾಗಿರುತ್ತದೆ. ನನ್ನ ಹೆಂಡತಿ ಹಾಗಲ್ಲ. ಬಂದವರಿಗೆ ಮೊದಲು ಒಂದೇ ಒಂದು ಗುಟುಕು ಕೊಡುತ್ತಾಳೆ. ಹೇಗಿದೆ ಅಂತ ಕೇಳುವುದೂ ಇಲ್ಲ, ಸುಮ್ಮನೆ ಅವರ ಮುಖ ನೋಡುತ್ತಾಳೆ. ಹುಬ್ಬು ಅಲ್ಲಾಡಿದ ರೀತಿ ನೋಡಿಯೇ ಮುಂದಿನ ಗುಟುಕು ಯಾವ ನಲ್ಲಿಯದು ಅಂತ ತೀರ್ಮಾನ ಮಾಡುತ್ತಾಳೆ. ಹಾಗಾಗಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಗುಟುಕಕ್ಕ. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ.

ಕಹಿ ನಮಗಾಗಲ್ಲ ಅಂತ ಮೂಗು ಮುರಿದವರಿಗೆ ಗೋಧಿಯ ಬಿಯರ್ ಕೊಡುತ್ತಾಳೆ. ಮಬ್ಬುಮಬ್ಬಾಗಿರುತ್ತದೆ, ಬಾಳೆಹಣ್ಣಿನ ಪರಿಮಳ ಬರುತ್ತದೆ. ಬಾಳೆಹಣ್ಣು ಯಾರೂ ಹಾಕಿರುವುದಿಲ್ಲ, ಅದೆಲ್ಲ ಯೀಸ್ಟಿನ ಆಟ. ಬಸ್ಸನ್ನು ಡಿಪೋದಲ್ಲಿ ಬಿಟ್ಟು ನಡೆದು ಬರುವ ಡ್ರೈವರ್‌ಗೆ ಹುರಿದ ಬಾರ್ಲಿ ಮಾಲ್ಟಿನ ಕಪ್ಪು ಬಿಯರ್, ಕೂತು ನಿಧಾನವಾಗಿ ಕುಡಿಯಲಿ ಅಂತ. ಆಗಲೇ ತೂಗಾಡುತ್ತಿರುವವನಿಗೆ ಜಪ್ಪಯ್ಯ ಅಂದರೂ ಇನ್ನೊಂದು ಗ್ಲಾಸಿಲ್ಲ, ನೀರು ಕೊಟ್ಟು ಮನೆಗೆ ಕಳಿಸುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿಯರ್ ಸರಿಯಾಗಿ ಬಂದಿರದಿದ್ದರೆ ಮುಲಾಜಿಲ್ಲದೆ "ಈ ಸಲದ್ದು ಬೇಡ ಬಿಡಿ" ಅನ್ನುತ್ತಾಳೆ, ಬಾರಿನ ಯಜಮಾನರು ಪಕ್ಕದಲ್ಲೇ ಇದ್ದರೂ ಸರಿ. ಮೊದಮೊದಲು ಯಜಮಾನರು ಹಲ್ಲು ಕಡಿಯುತ್ತಿದ್ದರು. ಆಮೇಲೆ, ಇವಳು ಬೇಡ ಅನ್ನುವುದರಿಂದಲೇ ಇವಳು ಬೇಕು ಅಂದದ್ದಕ್ಕೆ ಬೆಲೆ ಬರುತ್ತಿದೆ ಅಂತ ಅವರಿಗೂ ತಿಳಿಯಿತು.

ಇಂಥವಳು ಒಂದು ಸುಳ್ಳು ಹೇಳಿದ್ದಳು. ಅದೂ ಅವಳ ತಮ್ಮನಿಗೆ.

ತಾಯಿ ತೀರಿಕೊಂಡ ಮೇಲೆ ಆ ತಮ್ಮನನ್ನು ಸಾಕಿದವಳು ಇವಳೇ. ಮದುವೆಯಾಗಿ ನಮ್ಮ ಮನೆಗೆ ಬರುವಾಗ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಅವನು. ದೊಡ್ಡವನಾಗಿ ಬಣ್ಣದ ಕಾರ್ಖಾನೆ ಸೇರಿದ, ರಜೆ ಸಿಕ್ಕಾಗೆಲ್ಲ ಅಕ್ಕನ ಜೊತೆ ಬಾರಿನಲ್ಲಿ ನಿಂತು ಬಿಯರಿನ ಹುಚ್ಚು ಹತ್ತಿಸಿಕೊಂಡ. ಕೊನೆಗೆ ಕೆಲಸ ಬಿಟ್ಟು, ಹಳೆಯ ಗ್ಯಾರೇಜಿನಲ್ಲಿ ಪಾತ್ರೆ ಹೂಡಿದ. ಇದೆಲ್ಲ ಬೇಕಿತ್ತಾ ಅಂತ ನಾನು ಸಿಡುಕಿದ್ದಕ್ಕೆ, "ಅಕ್ಕನ ನಾಲಿಗೆ ಇದೆಯಲ್ಲ ಭಾವ, ನನಗ್ಯಾಕೆ ಭಯ?" ಅಂದಿದ್ದ.

ಮೊದಲ ಬಾಟಲಿಯನ್ನು ಮನೆಗೆ ತಂದಿದ್ದ. ಚೀಟಿ ಅಂಟಿಸಿರದ ಬಾಟಲಿ. ಅಡುಗೆಮನೆಯ ಮೇಜಿನ ಮೇಲೆ ಅವಳಿಗೆ ಗ್ಲಾಸು ತುಂಬಿಸುವಾಗ ಅವನ ಕೈ ನಡುಗಿ ಅರ್ಧ ಮೇಜಿಗೇ ಹೋಯಿತು. ಅವಳು ಕುಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. "ಚೆನ್ನಾಗಿದೆ ಕಣೋ" ಅಂದಳು. ಅವನು ಎದ್ದು ನಿಂತು ನನ್ನನ್ನು ತಬ್ಬಿಕೊಂಡ. ಸರಿ, ಅದೇ ಲೆಕ್ಕದಲ್ಲಿ ದೊಡ್ಡ ಪಾತ್ರೆ ಏರಿಸಿದ, ಅದೇ ಲೆಕ್ಕದಲ್ಲಿ ಇಳಿಸಿದ, ಪೀಪಾಯಿಗಳಿಗೆ ತುಂಬಿಸಿದ.

ಈಗ ಅವೇ ಪೀಪಾಯಿಗಳು ನನ್ನ ಏಣಿಯ ಬುಡದಲ್ಲಿದ್ದವು. ನಾನು ಇಳಿದು ಅವಳ ಹಿಂದೆ ಹೋದೆ.

"ಸುಮ್ಮನಿದ್ದುಬಿಡೇ" ಅಂದೆ. "ಜನಕ್ಕೆ ಗೊತ್ತಾಗಲ್ಲ. ಅವತ್ತು ಮನೇಲಿ ಕುಡಿದಾಗ ನನಗೆ ಗೊತ್ತಾಯ್ತಾ?"

"ನಿಮಗೆ ವಿನೆಗರ್ ಕೊಟ್ರೂ ಗೊತ್ತಾಗಲ್ಲ."

"ಬೇರೆಯವರೂ ಕುಡೀತಾರೆ ನೋಡು."

"ಕುಡೀತಾರೆ. ನಾನು ಹೇಳಿದೆ ಅಂತ ಕುಡೀತಾರೆ. ಅದೇ ನನಗೆ ಆಗ್ತಾ ಇಲ್ಲ."

ಯಜಮಾನರು ಬಂದರು. ಅವರ ಮುಖದಲ್ಲಿ ಅವತ್ತು ಭಾರೀ ಸಂತೋಷ. "ಏನಮ್ಮಾ, ಕೊನೇ ನಲ್ಲಿ ಖಾಲಿ ಇಟ್ಟಿದೀನಿ. ಇನ್ನೊಬ್ಬ ಬೇರೆ ಅದಕ್ಕೆ ಕಾಯ್ತಾ ಇದಾನೆ. ನೀನು ಹೂಂ ಅಂದ್ರೆ ಅದು ನಿನ್ನ ತಮ್ಮನದು. ನಾನು ಬೇರೆ ಯಾರನ್ನೂ ಕೇಳಲ್ಲ" ಅಂದರು. ಅವಳು ಗೋಣು ಹಾಕಿದಳು. ಅವರು ಹೋದ ಮೇಲೆ ಅವಳು ಒರೆಸಿದ ಗ್ಲಾಸನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ತಮ್ಮ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದ. ಅವಳು ಅವನನ್ನು ಗ್ಲಾಸು ತೊಳೆಯುವ ಕೋಣೆಗೆ ಕರೆದಳು. ಅವಳ ಉಪಾಯ ನನಗೆ ಆಗ ಹೊಳೆಯಿತು. ತಾನು ಹೇಳುವ ಬದಲು ಅವನೇ ಕಂಡುಕೊಳ್ಳಲಿ ಅಂತ. ಎರಡು ಸಣ್ಣ ಗ್ಲಾಸು ಇಟ್ಟಿದ್ದಳು, ಎರಡರದೂ ಒಂದೇ ಬಣ್ಣ. ಒಂದು ಅವನದು, ಇನ್ನೊಂದು ಬೇರೆಯವನದು.

"ಇದರಲ್ಲಿ ಒಂದು ಸರಿಯಿಲ್ಲ. ಯಾವುದು ಹೇಳು."

ಅವನು ಮೂಸಿದ. ಕುಡಿದ. ನೀರು ಮುಕ್ಕಳಿಸಿ ಮತ್ತೆ ಕುಡಿದ. ಅವಳು ಕಣ್ಣು ಮಿಟುಕಿಸದೆ ಅವನ ಹುಬ್ಬು ನೋಡುತ್ತಿದ್ದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ, ಯಾರೂ ಒಳಗೆ ಬರದಿರಲಿ ಅಂತ.

"ಇದು" ಅಂತ ಅವನು ಬೇರೆಯವನ ಗ್ಲಾಸು ಸರಿಸಿದ. "ಸ್ವಲ್ಪ ಒಣಒಣ ಅನ್ಸುತ್ತೆ. ಅದು ಚೆನ್ನಾಗಿದೆ. ಅದು ಯಾರದ್ದಕ್ಕಾ?"

"ಆಮೇಲೆ ಹೇಳ್ತೀನಿ" ಅಂದಳು. ಅವನು ಶಿಳ್ಳೆ ಹಾಕುತ್ತಾ ಹೊರಗೆ ಹೋದ.

ಅವಳು ಅಲ್ಲೇ ಇದ್ದ ಖಾಲಿ ಕ್ರೇಟಿನ ಮೇಲೆ ಕುಕ್ಕರಿಸಿದಳು. ಕೆಲವರ ಮೂಗಿಗೆ ಬೆಣ್ಣೆಯ ವಾಸನೆ ಹತ್ತುವುದೇ ಇಲ್ಲವಂತೆ, ಕೆಲವರ ಕಣ್ಣಿಗೆ ಕೆಂಪು ಕಾಣದ ಹಾಗೆ. ಒಳ್ಳೊಳ್ಳೆಯ ತಯಾರಕರಲ್ಲೂ ಅಂಥವರಿದ್ದಾರಂತೆ. ಉಳಿದ ಎಲ್ಲ ರುಚಿಯೂ ಅವರಿಗೆ ಗೊತ್ತಾಗುತ್ತದೆ, ಇದೊಂದು ಬಿಟ್ಟು.

"ಅವನಿಗೆ ಯಾವತ್ತೂ ಗೊತ್ತಾಗಲ್ಲ ರೀ" ಅಂದಳು. "ಯಾರಾದ್ರೂ ಹೇಳಬೇಕು. ಹೇಳಬೇಕಾಗಿದ್ದವಳು ನಾನು. ನಾನೇ ಸುಳ್ಳು ಹೇಳಿದೆ."

ನನಗೆ ಅವಳ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಸಿಟ್ಟನ್ನು ನುಂಗಿಕೊಂಡು ಅವಳ ಭುಜದ ಮೇಲೆ ಕೈ ಇಟ್ಟೆ. ಹೊರಗೆ ಕುರ್ಚಿಗಳನ್ನು ಎಳೆಯುವ ಸದ್ದು ಜೋರಾಗುತ್ತಿತ್ತು.

ಬಾರು ತುಂಬಿತ್ತು. ಬಸ್ ಡ್ರೈವರ್ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದರ್ಜಿ ತಾತ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ದಿನಕ್ಕೊಂದು ಗ್ಲಾಸಿಗೆ ಬರುವ ಮನುಷ್ಯ. ಎಲ್ಲರೂ ಗುಟುಕಕ್ಕನ ತಮ್ಮನ ಬಿಯರ್ ಕುಡಿಯಲು ಬಂದವರೇ. ತಮ್ಮ ಕೊನೆಯ ನಲ್ಲಿಯ ಹಿಡಿ ಎಳೆದ. ಮೊದಲು ನೊರೆ ಉಗುಳಿತು, ಆಮೇಲೆ ಬಿಯರ್ ಬಂತು. ಬಂಗಾರದ ಬಣ್ಣ, ಕನ್ನಡಿಯ ಹಾಗೆ ತಿಳಿ. ಜನ ಚಪ್ಪಾಳೆ ತಟ್ಟಿದರು. ಬಣ್ಣ ನೋಡಿದರೆ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ.

ಅವನು ಗ್ಲಾಸನ್ನು ಅವಳ ಮುಂದೆ ಇಟ್ಟ. "ಮೊದಲು ಅಕ್ಕ" ಅಂದ.

ಗದ್ದಲ ನಿಂತಿತು. ಹೂಂ ಅನ್ನು, ಒಂದೇ ಒಂದು ಸಲ ಹೂಂ ಅಂದುಬಿಡು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮರುಕ್ಷಣವೇ ಬೇಡ, ಅನ್ನಬೇಡ ಅಂತಲೂ ಬೇಡಿಕೊಂಡೆ. ಅವಳು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟಳು. ಅದರ ಬಾಯಿಗೆ ಅಂಗೈ ಮುಚ್ಚಿದಳು.

"ಇದನ್ನ ನಾನು ಯಾರಿಗೂ ಕೊಡಲ್ಲ ಕಣೋ" ಅಂದಳು.

ಅವನು ತಮಾಷೆ ಅಂದುಕೊಂಡು ನಕ್ಕ. ಇನ್ನೂ ಒಂದಿಬ್ಬರು ನಕ್ಕರು. ಅವಳು ನಗಲಿಲ್ಲ. ಅವನ ನಗು ಮುಖದ ಮೇಲೇ ಸ್ವಲ್ಪ ಹೊತ್ತು ಉಳಿದು ಆಮೇಲೆ ಹೋಯಿತು.

"ಬೆಣ್ಣೆ ಇದೆ. ನಿನಗೆ ಅದು ಗೊತ್ತಾಗಲ್ಲ, ಈಗ ತಾನೇ ನೋಡಿದೆ. ಒಳಗೆ ನೀನು ಚೆನ್ನಾಗಿದೆ ಅಂದದ್ದು ಇದೇ." ಆಮೇಲೆ ಯಜಮಾನರ ಕಡೆ ತಿರುಗಿದಳು. "ತಪ್ಪು ಅವನದಲ್ಲ ಯಜಮಾನ್ರೇ. ಅವನು ಮೊದಲೇ ತಂದು ನನ್ನ ಕೇಳಿದ್ದ. ನಾನು ಚೆನ್ನಾಗಿದೆ ಅಂದುಬಿಟ್ಟೆ."

ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು.

"ಅವತ್ತೇ ಗೊತ್ತಿತ್ತಾ ನಿನಗೆ?" ತಮ್ಮ ಕೇಳಿದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಗೊತ್ತಿತ್ತು."

"ಹೇಳಿದ್ರೆ ಸರಿ ಮಾಡೋಕೆ ಆಗ್ತಿತ್ತಾ?"

"ಇನ್ನೂ ನಾಲ್ಕು ದಿನ ಯೀಸ್ಟ್ ಜೊತೆ ಬೆಚ್ಚಗೆ ಬಿಟ್ಟಿದ್ರೆ ಸಾಕಿತ್ತು."

"ನಾಲ್ಕು ದಿನ" ಅಂದ ಅವನು. ಅಷ್ಟೇ ಅಂದದ್ದು. ಕೋಲ್ಡ್ ರೂಮಿಗೆ ಹೋಗಿ ಪೀಪಾಯಿಯ ಪೈಪನ್ನು ತಾನೇ ಬಿಚ್ಚಿದ. ಸಹಾಯಕ್ಕೆ ಹೋದ ನನಗೆ "ನಾನು ಮಾಡ್ಕೋತೀನಿ ಭಾವ, ಬಿಡಿ" ಅಂದ. ಹಿತ್ತಿಲಿನ ಚರಂಡಿಗೆ ಒಂದೊಂದಾಗಿ ಬಗ್ಗಿಸಿದ. ಹೊರಗೆ ಅವಳು ಎಂದಿನಂತೆ ಗುಟುಕು ಕೊಡುತ್ತಾ ಮುಖ ನೋಡುತ್ತಾ ನಿಂತಿದ್ದಳು. ಜನ ಅವಳ ಮುಖ ನೋಡಲು ಮುಜುಗರಪಟ್ಟು ಬೇಗ ಬೇಗ ಕುಡಿದು ಎದ್ದರು.

ಕೊನೆಯ ನಲ್ಲಿ ಇನ್ನೊಬ್ಬನಿಗೆ ಹೋಯಿತು. ತಮ್ಮ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ, ನಿಜ. ಬರುತ್ತಿದ್ದ, ಊಟ ಮಾಡುತ್ತಿದ್ದ, ಹವಾಮಾನದ ಸುದ್ದಿ ಹೇಳುತ್ತಿದ್ದ. ಬಿಯರಿನ ಸುದ್ದಿ ಎತ್ತುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ. ಅವನು ಎದ್ದು ಹೋದ ಮೇಲೆ ಅವಳು ಅವನ ತಟ್ಟೆಯ ಮುಂದೆ ಕೂತೇ ಇರುತ್ತಿದ್ದಳು.

ಒಂದು ದಿನ ಮಧ್ಯಾಹ್ನ, ಬಾರಿನಲ್ಲಿ ದರ್ಜಿ ತಾತ ಒಬ್ಬರೇ ಇದ್ದಾಗ, ಅವನು ಹೊಸ ಬಾಟಲಿ ಹಿಡಿದುಕೊಂಡು ಬಂದ. ಈ ಸಲ ಯೀಸ್ಟಿನ ಜೊತೆ ಬೇಕಾದಷ್ಟು ದಿನ ಬಿಟ್ಟಿದ್ದನಂತೆ. ಕೌಂಟರಿನ ಮೇಲೆ ಗ್ಲಾಸು ತುಂಬಿಸಿ ಅವಳ ಕಡೆ ಸರಿಸಿದ. ಕೈ ನಡುಗಲಿಲ್ಲ.

ಅವಳು ಗುಟುಕು ಕುಡಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಗುಟುಕು ಕುಡಿದಳು. ಕೆಲಸದ ಹೊತ್ತಿನಲ್ಲಿ ಅವಳು ಎರಡನೆಯ ಗುಟುಕು ಕುಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವಳ ಕಣ್ಣಲ್ಲಿ ನೀರು ತುಂಬಿತು.

"ಚೆನ್ನಾಗಿದೆ ಕಣೋ" ಅಂದಳು. "ನಿಜವಾಗಲೂ ಚೆನ್ನಾಗಿದೆ."

"ಸರಿ ಅಕ್ಕ" ಅಂದ ಅವನು, ಮರ್ಯಾದೆಯಿಂದ. ಅಪರಿಚಿತರಿಗೆ ತೋರಿಸುವ ಮರ್ಯಾದೆ. ಆಮೇಲೆ ಅದೇ ಗ್ಲಾಸು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ದರ್ಜಿ ತಾತನ ಮುಂದೆ ಇಟ್ಟ. "ತಾತ, ದಾಕ್ಷಿಣ್ಯ ಬೇಡ. ಹೇಗಿದೆ ಹೇಳಿ."

ತಾತ ಕುಡಿದು, ಬಾಯಿ ಚಪ್ಪರಿಸಿ, ಯೋಚಿಸಿ ಹೇಳಿದರು: "ಚೆನ್ನಾಗಿದೆ ಕಣಪ್ಪ."

ಅವನ ಮುಖ ಅರಳಿತು. ನನ್ನ ಹೆಂಡತಿ ಕೌಂಟರಿನ ಹಿಂದೆ ನಿಂತು ಆ ಮುಖವನ್ನೇ ನೋಡುತ್ತಿದ್ದಳು.