ಗಿಯಾರ್ತೊ ತನ್ನ ಅತ್ತೆಗೆ ಕರೆಂಟು ಅರ್ಥ ಮಾಡಿಸಿದ್ದು

ಜಾವಾದ ವೊನೊಗಿರಿ ಪೇಟೆಯಲ್ಲಿ ಎಲೆಕ್ಟ್ರಿಕ್ ಕೆಲಸಕ್ಕೆ ಗಿಯಾರ್ತೊನನ್ನು ಕರೆಯುವವರು ಮೊದಲೇ ಚಹಾಕ್ಕೆ ನೀರಿಡುತ್ತಿದ್ದರು. ಕೆಲಸ ಬೇಗ ಮುಗಿದರೂ ಅವನ ವಿವರಣೆ ಮುಗಿಯುತ್ತಿರಲಿಲ್ಲ. ಬಲ್ಬು ಹಾಕಿ ಕೈ ಒರೆಸಿಕೊಂಡು ಹೋಗುವ ಜಾತಿಯವನೇ ಅಲ್ಲ ಅವನು. ಅದು ಯಾಕೆ ಉರಿಯುತ್ತದೆ ಎಂಬುದು ಮನೆಯವರ ತಲೆಗೆ ಇಳಿಯದೆ ಹೊಸಿಲು ದಾಟಿದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಜನರೂ ಒಳ್ಳೆಯವರು. ತಲೆ ತಗ್ಗಿಸಿ ಪ್ರತಿ ಮಾತಿಗೂ "ಇಂಗ್ಗಿ, ಇಂಗ್ಗಿ" ಎನ್ನುತ್ತಿದ್ದರು. ಇಂಗ್ಗಿ ಎಂದರೆ ಹೌದು. ಆದರೆ ಜಾವಾದಲ್ಲಿ ಆ ಹೌದಿಗೆ "ತಮ್ಮ ದನಿ ಕಿವಿಗೆ ಬಿತ್ತು" ಎಂಬುದಕ್ಕಿಂತ ಹೆಚ್ಚಿನ ಅರ್ಥ ಹಚ್ಚುವವನು ಹುಚ್ಚ. "ತಿಳಿಯಲಿಲ್ಲ" ಎಂದರೆ ವಿವರಿಸಿದವನ ಮರ್ಯಾದೆ ಹೋಗುತ್ತದೆ, "ತಿಳಿಯಿತೇ?" ಎಂದರೆ ಕೇಳಿಸಿಕೊಂಡವನ ಮರ್ಯಾದೆ. ಹೀಗಾಗಿ ಎಲ್ಲರ ಮರ್ಯಾದೆಯೂ ಉಳಿದು, ಮರುದಿನ ಫ್ಯೂಸು ಮಾತ್ರ ಹೋಗಿರುತ್ತಿತ್ತು.

ಬೇರೆಯವರ ಮನೆಯಲ್ಲಾದರೆ ಗಿಯಾರ್ತೊ ನುಂಗಿಕೊಳ್ಳುತ್ತಿದ್ದ. ಈಗ ಸಮಸ್ಯೆ ಬಂದದ್ದು ಅವನ ಅತ್ತೆ ಕಾತಿಯೆಮ್ ಮನೆಯಲ್ಲಿ. ಆಕೆ ದಾವೆತ್ ಮಾರುವವಳು. ತೆಂಗಿನ ಹಾಲು, ತಾಳೆಬೆಲ್ಲ, ಹಸಿರು ಹಿಟ್ಟಿನ ಎಳೆ, ಮೇಲೆ ಮಂಜುಗಡ್ಡೆ. ಉಪವಾಸದ ತಿಂಗಳಲ್ಲಿ ಸಂಜೆಯಾದರೆ ಆಕೆಯ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಂಜುಗಡ್ಡೆಗೆಂದು ಗಿಯಾರ್ತೊನೇ ಒಂದು ಹಳೆಯ ಫ್ರಿಜ್ ತಂದುಕೊಟ್ಟಿದ್ದ. ಆ ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಅದಕ್ಕೆ ಅವನು ಹಿತ್ತಲಲ್ಲಿ ತಾಮ್ರದ ಸರಳು ಹೂತು, ಫ್ರಿಜ್ಜಿನಿಂದ ಅಲ್ಲಿಗೆ ಹಸಿರು ವೈರು ಎಳೆದು, ಅರ್ಥಿಂಗ್ ಮಾಡಿ, ಎಲ್ಲವನ್ನೂ ವಿವರಿಸಿ ಬಂದಿದ್ದ.

ಒಂದು ಮಧ್ಯಾಹ್ನ ಅವನ ಹೆಂಡತಿ ಲಸ್ಮಿನಿ ತವರಿಂದ ಕೆಂಡವಾಗಿ ಬಂದಳು.

"ಫ್ರಿಜ್ ಮುಟ್ಟಿ ಅಮ್ಮ ಸೌಟು ಎಸ್ದುಬಿಟ್ಳು ರೀ. ಅಷ್ಟು ಜೋರು ಶಾಕು. ಏನ್ ಹೇಳಿ ಬಂದ್ರಿ ನೀವು?"

"ಎಲ್ಲಾ ಬಿಡಿಸಿ ಹೇಳಿದೀನಿ ಕಣೇ. ಇಂಗ್ಗಿ ಅಂದ್ರು."

"ಇಂಗ್ಗಿ ಅಂದ್ರಂತೆ! ಇವತ್ತು ಅವಳಿಗೆ ಅರ್ಥ ಆಗ್ಬೇಕು, ಇಲ್ಲಾ ಆ ಪೆಟ್ಟಿಗೆ ವಾಪಸ್ ಬರ್ಬೇಕು. ದಾವೆತ್ ಇಲ್ದಿದ್ರೂ ನಾನು ಬದುಕ್ತೀನಿ, ಅಮ್ಮ ಇಲ್ದಿದ್ರೆ ಆಗಲ್ಲ."

ಗಿಯಾರ್ತೊ ಹೋಗಿ ನೋಡಿದರೆ ತಾಮ್ರದ ಸರಳು ಹಲಸಿನ ಮರದ ನೆರಳಿಗೆ ಬಂದಿತ್ತು, ಅದಕ್ಕೊಂದು ಮೇಕೆ ಕಟ್ಟಿತ್ತು. ಬಿಚ್ಚಿ ಹಗ್ಗದಂತೆ ಕಟ್ಟಿದ್ದ ಹಸಿರು ವೈರಿನ ಮೇಲೆ ಅತ್ತೆಯ ರವಿಕೆಗಳು ಒಣಗುತ್ತಿದ್ದವು. ಅವನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅತ್ತೆಗೆ ಬೈಯುವಂತಿಲ್ಲ. ಮೇಕೆಗೆ ಬೈದು ಪ್ರಯೋಜನವಿಲ್ಲ.

ಚಪ್ಪಲಿ ಹೊರಗೆ ಬಿಟ್ಟು, ಬಾಗಿ, ಅಡುಗೆಮನೆಗೆ ಹೋದ. ಅತ್ತೆಯ ಎದುರು ಅಳಿಯ ಆಡಬೇಕಾದ ಗೌರವದ ಮಾತೇ ಬೇರೆ. ಮನೆಮಾತಿಗೂ ಅದಕ್ಕೂ ಹರಕು ಚಾಪೆಗೂ ರತ್ನಗಂಬಳಿಗೂ ಇರುವಷ್ಟು ದೂರ. ಗಿಯಾರ್ತೊ ಕಸುಬು ಕಲಿತದ್ದು ಸುರಬಾಯದ ಒಂದು ರಿಪೇರಿ ಅಂಗಡಿಯಲ್ಲಿ, ಬೈಗುಳ ಸೇರದೆ ವಾಕ್ಯವೇ ಪೂರ್ತಿಯಾಗದ ಕಡೆ. ಆ ವಿದ್ಯೆಯನ್ನು ರತ್ನಗಂಬಳಿಯಲ್ಲಿ ಸುತ್ತಿ ಅತ್ತೆಯ ಮುಂದಿಡಬೇಕು.

"ಮಾತೆ ಇಬು ಅವರ ಸನ್ನಿಧಿಯಲ್ಲಿ ಮತ್ತೊಮ್ಮೆ ಅರಿಕೆ," ಎಂದು ಶುರುಮಾಡಿದ. "ಈ ಪೆಟ್ಟಿಗೆಯ ಒಳಗೆ ಸಂಚರಿಸುವವರು ಒಮ್ಮೊಮ್ಮೆ ಹೊರಮೈಗೆ ದಯಮಾಡಿಸುತ್ತಾರೆ. ಅವರು ಭೂಮಿಗೆ ತೆರಳಲು ಇಚ್ಛಿಸುವುದರಿಂದ, ತಮ್ಮ ಅಪ್ಪಣೆಯಾದರೆ, ಒಂದು ಮಾರ್ಗವನ್ನು..."

"ಇಂಗ್ಗಿ, ನಕ್ ಗಿಯಾರ್ತೊ," ಎಂದಳು ಕಾತಿಯೆಮ್, ಮಗನೇ ಎಂಬ ಅಕ್ಕರೆಯಿಂದ. ಕೈ ಮಾತ್ರ ತೆಂಗಿನ ಹಾಲು ಹಿಂಡುತ್ತಲೇ ಇತ್ತು. ನೆಲವೆಲ್ಲ ಒದ್ದೆ.

"ಆ ಮಾರ್ಗವು ಇಲ್ಲದಿದ್ದಲ್ಲಿ..."

"ಇಂಗ್ಗಿ, ಇಂಗ್ಗಿ."

ಮಾತಿನ ಭರದಲ್ಲಿ ಗಿಯಾರ್ತೊ ಫ್ರಿಜ್ಜಿನ ಬಾಗಿಲಿಗೆ ಅಂಗೈ ಊರಿದ. ಬರಿಗಾಲು, ಒದ್ದೆ ನೆಲ. ಮರುಕ್ಷಣ ಅವನು ಗೋಡೆಗೆ ಹೋಗಿ ಬಿದ್ದಿದ್ದ. ಬಾಯಿಂದ ಹೊರಟದ್ದು ಸುರಬಾಯದ ಅಂಗಡಿ.

"ಥೂ, ನಿನ್ನ ಫ್ರಿಜ್ ಹಾಳಾಗಾ! ಸಾಯ್ಬೇಕು ಅಂತಿದೀಯೇನೇ ಮುದುಕಿ? ಒಳಗಿರೋನು ಕಳ್ಳ, ಕಳ್ಳ! ನೆಲಕ್ಕೆ ಓಡಿಹೋಗೋಕೆ ದಾರಿ ಹುಡುಕ್ತಿರ್ತಾನೆ. ಆ ವೈರು, ಆ ಸರಳು ಅವನಿಗೆ ಅಂತ ಬಿಟ್ಟ ಸಲೀಸು ದಾರಿ. ಅದನ್ನ ಕಿತ್ತು ಮೇಕೆ ಕಟ್ಟಿದ್ರೆ ಇನ್ನೆಲ್ಲಿ ಹೋಗ್ತಾನೆ? ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದೀಯಲ್ಲ, ನಿನ್ ಮೈಯೊಳಗೇ ಬೇಗ ನುಗ್ಗಿ ಹೋಗ್ತಾನೆ!"

ಹೇಳಿದ್ದು ಕಿವಿಗೆ ಬಿದ್ದಮೇಲೆ ಅವನ ಜೀವ ಬಾಯಿಗೆ ಬಂತು. ಮದುವೆಯಾದಂದಿನಿಂದ ಆ ಮುಖ ನೋಡಿ ಗಟ್ಟಿಯಾಗಿ ಕೆಮ್ಮಿದವನೂ ಅಲ್ಲ. ಕ್ಷಮೆ ಕೇಳಲು ಬಗ್ಗಿದ, ರತ್ನಗಂಬಳಿಯ ಮಾತು ಒಂದೂ ನಾಲಿಗೆಗೆ ಬರಲಿಲ್ಲ.

ಕಾತಿಯೆಮ್ ಹಿಂಡುತ್ತಿದ್ದ ಬಟ್ಟೆಯನ್ನು ಪಾತ್ರೆಗೆ ಬಿಟ್ಟಳು.

"ಅಂದ್ರೆ ಅವ್ನು ದೊಡ್ಡ ಮನುಷ್ಯ ಅಲ್ಲ ಅನ್ನು?"

"ಯಾ... ಯಾರು?"

"ಒಳಗಿರೋನು. ದಯಮಾಡಿಸ್ತಾರೆ, ತೆರಳ್ತಾರೆ ಅಂತಿದ್ಯಲ್ಲಪ್ಪ. ಯಾರೋ ಸಾಹೇಬ್ರ ಸುದ್ದಿ ಅಂದ್ಕೊಂಡೆ. ಬಂದು ಹೋಗ್ಲಿ, ನಮ್ಗ್ಯಾಕೆ ಅಂತ ಸುಮ್ನಿದ್ದೆ. ಗೂಟ ಮೇಕೆಗೇ ತಂದಿದೀಯ ಅಂತ ನೆರೆಮನೆಗೆಲ್ಲ ನಿನ್ನ ಹೊಗಳಿದ್ದೂ ಆಯ್ತು."

ಗಿಯಾರ್ತೊನಿಗೆ ನಗು ತಡೆಯಲಾಗಲಿಲ್ಲ. ಮುದುಕಿಯೂ ನಕ್ಕಳು. ನಗುತ್ತಲೇ ಅವನು ಫ್ರಿಜ್ಜಿನ ಪ್ಲಗ್ಗು ಕಿತ್ತ. ಆಕೆ ಒದ್ದೆ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಸೀದಾ ಹಿತ್ತಲಿಗೆ ನಡೆದಳು. ಮೇಕೆಯನ್ನು ಹಲಸಿನ ಬೇರಿಗೆ ಬಿಗಿದಳು, ರವಿಕೆಗಳನ್ನು ಹೆಗಲಿಗೆ ಹಾಕಿಕೊಂಡಳು, ಸರಳನ್ನು ಅಲ್ಲಾಡಿಸಿ ಕಿತ್ತಳು. ಗಿಯಾರ್ತೊ ಮೊದಲು ಅದನ್ನು ಹೂತಿದ್ದ ಜಾಗ ತೋರಿಸಿದ. ಬಿಸಿಲಿಗೆ ಆ ನೆಲ ಬಾಯಿ ಬಿಟ್ಟಿತ್ತು.

ಆಕೆ ಅಲ್ಲೇ ನಿಂತುಬಿಟ್ಟಳು.

"ಒಂದ್ ಮಾತು. ನಾನು ಒದ್ದೆಯಿದ್ರೆ ಅವ್ನು ಬೇಗ ನುಗ್ತಾನೆ ಅಂದ್ರೆ, ಅವ್ನಿಗೆ ಒದ್ದೆ ಇಷ್ಟ ಅಂತಾಯ್ತು. ಈ ಒಣ ನೆಲದೊಳಗೆ ಹೆಂಗೆ ಇಳೀತಾನೆ? ಬಚ್ಚಲ ನೀರು ಹರಿಯೋ ಕಡೆ ನೆಟ್ರೆ ಒಳ್ಳೇದಲ್ವಾ?"

ಗಿಯಾರ್ತೊ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಇಷ್ಟು ವರ್ಷ ಎಷ್ಟೋ ಅಡುಗೆಮನೆಗಳಲ್ಲಿ ಗಂಟಲು ಹರಿಯುವಂತೆ ಹೇಳಿದ್ದ. ಜನ ಚಹಾ ಕೊಟ್ಟಿದ್ದರು, ಬಾಳೆಹಣ್ಣಿನ ಬೋಂಡ ಕೊಟ್ಟಿದ್ದರು. ಪ್ರಶ್ನೆ ಮಾತ್ರ ಯಾರೂ ಕೊಟ್ಟಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು, ಬಹಳ ಸಂತೋಷವೂ ಆಯಿತು.

"ಅಲ್ಲೇ ನೆಡ್ಬೇಕಿತ್ತು," ಎಂದ. "ನಂಗೇ ಹೊಳೀಲಿಲ್ಲ ನೋಡು."

"ಆಗ್ಲಿ ಬಿಡು, ಈಗ ಹೊಳೀತಲ್ಲ," ಎಂದು ಕಾತಿಯೆಮ್ ಸರಳನ್ನು ಅವನ ಕೈಗೆ ಕೊಟ್ಟು ಬಚ್ಚಲಿನ ಕಡೆ ಹೊರಟಳು. "ಏಳು, ಸುತ್ತಿಗೆ ತಾ. ನೆಡ್ತಾ ನೆಡ್ತಾ ಹೇಳು, ಆ ಕಳ್ಳ ನೆಲದೊಳಗೆ ಹೋದ್ಮೇಲೆ ಎಲ್ಲಿಗೆ ಹೋಗ್ತಾನೆ?"