ಪಕ್ಕದ ಕೋಣೆಯ ಹೊರನಾಡು

ಪ್ರತಿ ಭಾನುವಾರ ಬೆಳಿಗ್ಗೆ ನಾನು ಕನ್ನಡವನ್ನು ಸಪ್ತಸಾಗರಗಳಾಚೆ ಕಳಿಸುತ್ತೇನೆ. ಪಕ್ಕದ ಕೋಣೆಗೆ ಕಳಿಸುವುದು ಮಾತ್ರ ಮೊನ್ನೆಮೊನ್ನೆಯವರೆಗೂ ಸಾಧ್ಯವಾಗಿರಲಿಲ್ಲ.

ಕಳಿಸುವ ಏರ್ಪಾಡು ಹೀಗಿದೆ. ಬೀದರಿನ ಅಂಚಿನ ನೌಬಾದದಲ್ಲಿ ನಮ್ಮ ಮನೆ. ಉಪ್ಪಿನ ಡಬ್ಬಿಗೆ ಫೋನನ್ನು ಒರಗಿಸಿ, ಇಳಕಲ್ ಸೀರೆ ಉಟ್ಟು, ಕಾಲಲ್ಲಿ ಹವಾಯಿ ಚಪ್ಪಲಿಯೊಂದಿಗೆ ಕೂತೆನೆಂದರೆ ಹೊರದೇಶದ ಒಂದು ಕನ್ನಡ ಸಂಘದ ಮಕ್ಕಳು ಚೌಕಚೌಕವಾಗಿ ಪರದೆಯ ಮೇಲೆ ಮೂಡುತ್ತಾರೆ. ಅಲ್ಲಿ ಆಗಿನ್ನೂ ಶನಿವಾರ ಸಂಜೆ. ಸಂಘದ ಹೆಸರು ಹೇಳುವುದಿಲ್ಲ. ಅದರಲ್ಲಿ ಸಿರಿ, ನುಡಿ, ಕಂಪು ಮೂರೂ ಇವೆ ಎಂದರೂ ನಿಮಗೆ ಗುರುತು ಹತ್ತುವುದಿಲ್ಲ, ಏಕೆಂದರೆ ಅವು ಎಲ್ಲ ಸಂಘಗಳ ಹೆಸರಲ್ಲೂ ಇರುತ್ತವೆ.

ನಾನು ಔರಾದ ಮತ್ತು ಭಾಲ್ಕಿಯ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅವರು ನನ್ನನ್ನು ಆರಿಸಿದ್ದು ಅದಕ್ಕಲ್ಲ. ಸಂಘದ ಕಾರ್ಯದರ್ಶಿ ಸುಮಂತ್, ಮೂಲತಃ ಮೈಸೂರಿನವರು, ಮೊದಲ ಕರೆಯಲ್ಲೇ ಹೇಳಿದರು: "ಮೇಡಂ, ನೀವು ಬಸವಣ್ಣನವರ ನೆಲದವರು. ನಮ್ಮ ಮಕ್ಕಳಿಗೆ ಅಪ್ಪಟ ಕನ್ನಡ ನಿಮ್ಮ ಬಾಯಿಂದಲೇ ಬರಬೇಕು." ಬೀದರ ಜಿಲ್ಲೆಯವರು ಹಲ್ಲುಜ್ಜುವಾಗಲೂ ವಚನದಲ್ಲೇ ಮಾತಾಡುತ್ತಾರೆಂದು ಅವರ ಎಣಿಕೆ. ನಾನೂ ಒಪ್ಪಿಕೊಂಡೆ. ತಾನಾಗಿ ಬಂದ ಗೌರವವನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ.

ನಮ್ಮ ಕನ್ನಡದ ಸಂಗತಿ ನಿಮಗೆ ಗೊತ್ತೇ ಇದೆ. ಸುಲ್ತಾನರು ಬಂದರು, ನಿಜಾಮರು ಬಂದರು, ಹೋಗುವಾಗ ಖುರ್ಚಿ, ದವಾಖಾನೆ, ತಕರಾರು ಎಲ್ಲ ಇಲ್ಲೇ ಬಿಟ್ಟು ಹೋದರು. ರಾಜ್ಯಗಳು ಹೋದವು, ತಕರಾರು ಉಳಿದಿದೆ. ಔರಾದದ ಶಾಲೆಯಲ್ಲಿ ನನ್ನೆದುರು ಕೂರುತ್ತಿದ್ದ ಮಕ್ಕಳು ಮನೆಯಿಂದ ಮರಾಠಿ ತರುತ್ತಿದ್ದರು, ತೆಲುಗು ಗಡಿಯ ಚಿಂತಾಕಿಯಿಂದ ಬರುವವರ ಚೀಲದಲ್ಲಿ ಒಂದಿಷ್ಟು ತೆಲುಗೂ ಇರುತ್ತಿತ್ತು. ಹಲಬರ್ಗಾದ ನನ್ನ ತವರಿನಲ್ಲಂತೂ ಅವ್ವನ ಒಂದು ಬೈಗುಳದೊಳಗೆ ಎಲ್ಲ ಭಾಷೆಗಳೂ ಕೂತರೂ ಯಾವುದಕ್ಕೂ ಇಕ್ಕಟ್ಟಾಗುತ್ತಿರಲಿಲ್ಲ. ಆ ಅಪ್ಪಟ ಕನ್ನಡವನ್ನೇ, ಟೀಚರಿಗೆ ಅಕ್ಕೋರೇ ಎನ್ನುವುದರಿಂದ ಹಿಡಿದು, ನಾನು ಕಡಲಾಚೆಯ ಮಕ್ಕಳಿಗೆ ನಿಷ್ಠೆಯಿಂದ ಕಲಿಸಿದೆ.

ಇನ್ನು ಪಕ್ಕದ ಕೋಣೆ. ಅಲ್ಲಿ ನನ್ನ ಮೊಮ್ಮಗಳು ಸಾನ್ವಿ ಇರುತ್ತಾಳೆ. ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಹಿಂದಿ, ಔರಾದದಿಂದ ಸೊಸೆಯಾಗಿ ಬಂದ ತಾಯಿಯೊಡನೆ ಮರಾಠಿ. ಕನ್ನಡ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತವೆ, ಕನ್ನಡ ಬರುವುದಿಲ್ಲ. ಪ್ರಶ್ನೆಯ ಮೊದಲ ಅಕ್ಷರದ ಆಕಾರ ನೋಡಿ, ಉರುಹೊಡೆದ ಉತ್ತರವನ್ನು ಇಳಿಸಿಬರುವ ವಿದ್ಯೆ ಅವಳದು. ನಾನು ಕಲಿಸಲು ಕರೆದರೆ "ಆಯಿ, ಬಾದ್ ಮೇಂ" ಎಂದು ಅಜ್ಜಿಯನ್ನು ಆಮೇಲಕ್ಕೆ ತಳ್ಳುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು. ಅವ್ವನಿಂದ ನನಗೆ ಬಂದ ಮಾತೆಲ್ಲ ನನ್ನಲ್ಲೇ ಮುಗಿದುಹೋಗುತ್ತದಲ್ಲ ಎಂಬ ಸಂಕಟ. ಮಗ ಮಾತ್ರ ರೊಟ್ಟಿ ಮುರಿಯುತ್ತ, "ಬಿಡವ್ವಾ, ಹಿತ್ತಲ ಗಿಡ ಮದ್ದಲ್ಲ" ಎಂದು ನಗುತ್ತಿದ್ದ. ಆ ಹಿತ್ತಲ ಗಿಡವನ್ನೇ ನಾನು ವಾರವಾರ ವಿದೇಶಕ್ಕೆ ರಫ್ತು ಮಾಡುತ್ತಿದ್ದೆ.

ಒಂದು ಭಾನುವಾರ ತರಗತಿಯ ನಡುವೆ ಸಾನ್ವಿ ಚಾರ್ಜರ್ ಹುಡುಕುತ್ತ ನನ್ನ ಹಿಂದೆ ಬಂದಳು. ಪರದೆಯ ಮೇಲೆ ಅವಳದೇ ವಯಸ್ಸಿನ ಧೃತಿ ಎಂಬ ಹುಡುಗಿ, ಹುಟ್ಟಿದ್ದೇ ಪರದೇಶದಲ್ಲಿ, ಕಣ್ಣರಳಿಸಿ ಕೇಳಿದಳು: "ಇವ್ರು ಯಾರ್ರಿ ಅಕ್ಕೋರೇ? ಹ್ಯಾಂಗಿದ್ದೀರಿ? ನಾಷ್ಟಾ ಆಯ್ತೇನ್ರಿ?"

ಸಾನ್ವಿ ನನ್ನ ಮುಖ ನೋಡಿದಳು.

"ಇವ್ರು ಬೀದರದವ್ರು ಅಲ್ಲೇನ್ರಿ?" ಎಂದಳು ಧೃತಿ. ಪಾಪ, ಅನುಮಾನ ಅಷ್ಟೇ, ಕೊಂಕಿರಲಿಲ್ಲ.

ಮೊಮ್ಮಗಳ ಕಿವಿ ಕೆಂಪಾಯಿತು. ಮಧ್ಯಾಹ್ನ ಬಂದು ನನ್ನ ಸೆರಗು ಹಿಡಿದು, ತಾನೂ ತರಗತಿಗೆ ಕೂರಲೇ ಎಂದು ಕೇಳಿದಳು: "ಆಯಿ, ಮೈ ಭೀ ಬೈಠೂಂ?"

ಮರುದಿನ ಬೆಳಿಗ್ಗೆಯೇ ನಾನು ಸುಮಂತ್ ಅವರಿಗೆ ಫೋನು ಮಾಡಿದೆ. ಅವರು ನಕ್ಕರು. "ಮೇಡಂ, ಈ ತರಗತಿ ಹೊರನಾಡ ಮಕ್ಕಳಿಗೆ ಮಾತ್ರ. ಕನ್ನಡನಾಡಲ್ಲೇ ಇರೋ ಮಗುಗೆ ನಾವು ಕನ್ನಡ ಕಲಿಸೋದಾ?"

"ನಮ್ಮ ಮನ್ಯಾಗ ಇದ್ರೂ ಆಕಿ ಹೊರನಾಡಿನಾಕೀನೇ ಇದ್ದಾಳ್ರಿ" ಎಂದೆ.

ಅವರಿಗೆ ಹೇಳಬೇಕಾದದ್ದು ಬೇರೆ ಇತ್ತು. ಸಂಘದ ರಾಜ್ಯೋತ್ಸವದಲ್ಲಿ ಧೃತಿಗೆ ಮುಖ್ಯ ಅತಿಥಿಗಳನ್ನು ಸ್ವಾಗತಿಸುವ ಕೆಲಸ ವಹಿಸಿದ್ದರಂತೆ. ಅವಳು ಮೈಕಿನ ಮುಂದೆ ನಿಂತು, "ಬರ್ರಿ, ಬರ್ರಿ, ಖುರ್ಚಿ ಮ್ಯಾಲ ಕೂಡ್ರಿ, ಭಾಳ ಖುಷಿ ಆಯ್ತು, ಮೊದಲ ಚಾ ಕುಡೀರಿ" ಎಂದಳಂತೆ. ಸಭೆಯೆಲ್ಲ ನಕ್ಕಿತು. "ಪೋಷಕರು ಬೇಜಾರು ಮಾಡ್ಕೊಂಡಿದಾರೆ ಮೇಡಂ. ಇನ್ಮುಂದೆ ಸ್ವಲ್ಪ ಶುದ್ಧವಾಗಿ ಹೇಳಿಕೊಡಿ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಬಸವಣ್ಣನವರ ನೆಲ ಬೇಕು, ಆ ನೆಲದ ಮೇಲೆ ನಡೆದಾಡುವವರ ಮಾತು ಬೇಡ. ಅತಿಥಿಯನ್ನು ಕೂಡಿಸಿ ಚಹಾ ಕೊಡುವುದಕ್ಕಿಂತ ಶುದ್ಧವಾದ ಸ್ವಾಗತ ಯಾವುದೆಂದು ಕೇಳಬೇಕೆಂದಿದ್ದೆ. ಆದರೆ ಸಾನ್ವಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಆಯ್ತ್ರಿ, ಶುದ್ಧ ಮಾತಾಡ್ತೇನಿ. ನಮ್ಮ ಹುಡುಗೀಗಿ ಕೂಡಿಸ್ಕೋರಿ" ಎಂದುಬಿಟ್ಟೆ. ಸಂಘದವರು ಸಭೆ ಸೇರಿ, ಚರ್ಚಿಸಿ, ಬೀದರಿನ ಒಂದು ಮಗುವಿಗೆ ಕನ್ನಡ ಕಲಿಯಲು ವಿಶೇಷ ಅನುಮತಿ ನೀಡಿದರು. ಅವರ ದೊಡ್ಡ ಮನಸ್ಸಿಗೆ ನಾನು ಋಣಿ.

ಎರಡು ಫೋನು ಹತ್ತಿರವಿದ್ದರೆ ಕೀರಲು ಸದ್ದು ಬರುತ್ತದೆ. ಹಾಗಾಗಿ ಸಾನ್ವಿ ಅವಳಪ್ಪನ ಫೋನು ಹಿಡಿದು ಪಕ್ಕದ ಕೋಣೆಯಲ್ಲಿ ಕೂತಳು. ಕರೆದರೆ ಕೇಳುವಷ್ಟು ಹತ್ತಿರದಲ್ಲಿ ಕೂತ ಮೊಮ್ಮಗಳಿಗೆ ನಾನು ಇಂಟರ್ನೆಟ್ಟಿನಲ್ಲಿ, ರೇಡಿಯೋ ವಾರ್ತೆಯ ಧಾಟಿಯಲ್ಲಿ, ಕನ್ನಡ ಕಲಿಸಿದೆ. ಚುರುಕು ಹುಡುಗಿ, ಬೇಗ ಕಲಿತಳು. ಒಂದು ದಿನ ತಾಟಿನ ಮುಂದೆ ಕೂತು ಹೇಳಿದಳು: "ಅಜ್ಜಿ, ನನಗೆ ಹಸಿವಾಗುತ್ತಿದೆ. ದಯವಿಟ್ಟು ರೊಟ್ಟಿಯನ್ನು ನೀಡಿ."

ಮಗನಿಗೆ ಬಿಕ್ಕಳಿಕೆ ಹತ್ತಿತು. ನಾನು ಯಾರೋ ದೊಡ್ಡ ಅಧಿಕಾರಿಗೆ ಬಡಿಸುವಂತೆ ಬಡಿಸಿದೆ. ಕನ್ನಡವೇನೋ ಬಂದಿತ್ತು, ತಪ್ಪಿಲ್ಲದ ಕನ್ನಡ. ಅವ್ವನ ಮಾತಿನ ಒಂದು ಚೂರೂ ಅದರಲ್ಲಿರಲಿಲ್ಲ. ಕರಾರು ಮಾಡಿಕೊಂಡವಳು ನಾನೇ, ಯಾರ ಮೇಲೆ ತಕರಾರು ಮಾಡಲಿ? ಆ ದಿನ ನನಗೇ ಊಟ ಸೇರಲಿಲ್ಲ.

ತರಗತಿಗಳು ಹಾಗೇ ನಡೆದವು. ಪಾಠ ಮುಗಿಸಿ ನಾನು ಅಡುಗೆಮನೆಗೆ ಹೋದ ಮೇಲೂ ಪಕ್ಕದ ಕೋಣೆಯಲ್ಲಿ ಗುಸುಗುಸು, ನಗು ಕೇಳುತ್ತಿತ್ತು. ನಾನು ಗಮನ ಕೊಡಲಿಲ್ಲ. ಹೋದ ವಾರ ರೊಟ್ಟಿ ಬಡಿಯುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಆಯಿ, ಹೊಟ್ಟಿ ಭಾಳ ಹಸದದ್ರಿ. ಜಲ್ದಿ ರೊಟ್ಟಿ ಕೊಡ್ರಿ."

ನಾನು ತವೆ ಬಿಟ್ಟು ಅವಳ ಕಡೆ ತಿರುಗಿದೆ. "ಯಾರು ಕಲಿಸ್ಯಾರ ನಿನಗ?"

"ಧೃತಿ ಕಲಿಸ್ಯಾಳ್ರಿ. ಕ್ಲಾಸ್ ಮುಗದ ಮ್ಯಾಲ ನಾವು ಮಾತಾಡ್ತೇವಿ. ಅಕ್ಕೋರು ಈಗ ಕಲಸೋದು ಸ್ಟೇಜ್ ಮ್ಯಾಲಿಂದು, ಮೊದಲ ಕಲಿಸಿದ್ದೇ ಖರೇದು ಅಂತಾಳ."

ನಮ್ಮ ಮನೆಯಲ್ಲಿ ಆಯಿಗೆ ಯಾರೂ 'ರಿ' ಹಚ್ಚುವುದಿಲ್ಲ. ಕಡಲು ದಾಟಿ ಬಂದ ಮಾಲಿಗೆ ಅದೊಂದು ಸುಂಕ ಬಿದ್ದಿರಬೇಕು. ಸುಮಂತ್ ಅವರಿಗೆ ನಾನು ಇದನ್ನು ಹೇಳಿಲ್ಲ, ಹೇಳಿದರೆ ಶುದ್ಧ ಮಾಡಿಬಿಡುತ್ತಾರೆ. ತವೆಯ ಮೇಲಿದ್ದ ರೊಟ್ಟಿ ಆಗಲೇ ಕರಕಲಾಗಿತ್ತು. ಅದನ್ನು ನನ್ನ ತಾಟಿಗೆ ಎಳೆದುಕೊಂಡು ಅವಳಿಗೆಂದು ಹೊಸದನ್ನು ಬಡಿಯತೊಡಗಿದೆ. ಹಲಬರ್ಗಾದ ಅವ್ವನ ಮಾತು ಲೋಕವೆಲ್ಲ ಸುತ್ತಿ ಪಕ್ಕದ ಕೋಣೆಯಿಂದ ಮನೆಗೆ ಬಂದಿತ್ತು, ಅದೂ ಹಸಿದು ಬಂದಿತ್ತು.